ಕುಂಕುಮ ಬಳಿದ ಪಿಸ್ತೂಲು

ಘಣಸೋಲಿಯ ಆ ಸೆಕ್ಯುರಿಟಿ ಟ್ರೇನಿಂಗ್ ಶಾಲೆಯಲ್ಲಿ ರಾಯಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಫೌಜಿನ ರೂಢಿಯಂತೆ ಕಲಿಯಲು ಬಂದವರಿಗೆಲ್ಲ ಅವನು ಉಸ್ತಾದ್. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಮೇಲೆ ಜಮಖಂಡಿ ಕಡೆಯ ತನ್ನ ಊರಿಗೆ ಹೋಗದೆ, ದಿವಾದಲ್ಲಿ ಒಂದು ರೂಮು ಕಿಚನ್ ಹಿಡಿದು, ಹನ್ನೊಂದು ವರ್ಷದಿಂದ ಇಲ್ಲಿ ಪಿಸ್ತೂಲು ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ಹೇಳುತ್ತಿದ್ದುದು ಮುಖ್ಯವಾಗಿ ಎರಡೇ ಮಾತು. ಪಿಸ್ತೂಲು ಕೈಗೆ ಬಂದ ಕೂಡಲೇ ತೆರೆದು ನೋಡು, ಕೊಟ್ಟವನು ನಿನ್ನ ಅಪ್ಪನೇ ಆಗಿರಲಿ. ಅದರ ಬಾಯನ್ನು ಮನುಷ್ಯರ ಕಡೆ ತಿರುಗಿಸಬೇಡ, ಅದು ಡಮ್ಮಿಯೇ ಆಗಿರಲಿ.

ಡಮ್ಮಿ ಅಂದರೆ ಅವರ ಅಭ್ಯಾಸದ ಪಿಸ್ತೂಲು. ಶಾಲೆಯ ಮಾಲೀಕ ಲೋಕನಾಥ ಶೆಟ್ಟಿಯ ಬಳಿ ಲೈಸೆನ್ಸಿನ ಒಂದು ಪಿಸ್ತೂಲಿತ್ತು. ಅದನ್ನೇ ಮುಂದಿಟ್ಟುಕೊಂಡು ಉಲ್ಹಾಸನಗರದ ಒಂದು ವರ್ಕ್‌ಶಾಪಿನಲ್ಲಿ ಡಮ್ಮಿಯನ್ನು ಮಾಡಿಸಿದ್ದರು. ನಕಲು ಮಾಡುವುದನ್ನು ಉಲ್ಹಾಸನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣ ಅದೇ, ತೂಕ ಅದೇ, ಮೇಲಿನ ಸ್ಲೈಡು ಎಳೆದರೆ ಬರುವ ಸದ್ದೂ ಅದೇ. ಗುಂಡು ಹಾರದಂತೆ ನಳಿಕೆಯ ಬಾಯಿ ಮಾತ್ರ ಮುಚ್ಚಿತ್ತು. ಅಸಲಿಗೂ ನಕಲಿಗೂ ಗೊಂದಲವಾಗದಿರಲಿ ಎಂದು ರಾಯಪ್ಪ ತಾನೇ ಕೂತು ಡಮ್ಮಿಯ ಮೂತಿಗೆ ಎರಡು ಬೆರಳಗಲ ಕೆಂಪು ಬಣ್ಣ ಹಚ್ಚಿದ್ದ.

ಆ ಡಮ್ಮಿಗೂ ಅವನು ಕೊಡಿಸುತ್ತಿದ್ದ ಮರ್ಯಾದೆ ಅಷ್ಟಿಷ್ಟಲ್ಲ. ಹಿಂದಿನ ವರ್ಷ ಚಂದ್ರಾಮ ಎಂಬ ಕಲಬುರ್ಗಿಯ ಹುಡುಗ ಚಹಾದ ಬಿಡುವಿನಲ್ಲಿ ತಮಾಷೆಗೆ ಅದನ್ನು ಗೆಳೆಯನ ಹೊಟ್ಟೆಗೆ ಹಿಡಿದ. ರಾಯಪ್ಪ ಅವನನ್ನು ಅಂದೇ ಶಾಲೆಯಿಂದ ಹೊರಗೆ ಹಾಕಿದ. ಹುಡುಗ ಅತ್ತ, ಕಾಲು ಹಿಡಿದ, ರಾಯಪ್ಪ ಕರಗಲಿಲ್ಲ. ಈ ಕತೆಯನ್ನು ಪ್ರತಿ ಹೊಸ ಬ್ಯಾಚಿಗೂ ಹೇಳುವಾಗ ಅವನ ಮೀಸೆ ಸ್ವಲ್ಪ ಕುಣಿಯುತ್ತಿತ್ತು.

ಆದರೆ ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಉಸ್ತಾದನದೂ ಒಂದು ಬದನೆಕಾಯಿ ಇತ್ತು. ಡಮ್ಮಿಯ ಪಾಠ ಮುಗಿಯುವ ದಿನ ಅವನು ಒಬ್ಬರನ್ನು ಮುಂದೆ ಕರೆದು, ಎದೆಗೆ ಡಮ್ಮಿ ಹಿಡಿದು, ಟ್ರಿಗರು ಎಳೆಯುತ್ತಿದ್ದ. ಟಕ್ ಎನ್ನುತ್ತಿತ್ತು. ಎದುರು ನಿಂತವನ ಮುಖ ಬಿಳಿಚಿಕೊಳ್ಳುತ್ತಿತ್ತು. ಪಿಸ್ತೂಲಿನ ಎದುರು ನಿಲ್ಲುವುದು ಅಂದರೆ ಏನೆಂದು ಗೊತ್ತಾಗಲಿ ಎಂದು ಹೀಗೆ ಮಾಡುವುದು ಎಂದು ಅವನ ಸಮಜಾಯಿಷಿ. ನಿಜ ಹೇಳಬೇಕೆಂದರೆ, ಎದುರಿನ ಮುಖ ಬಿಳಿಚಿಕೊಳ್ಳುವುದನ್ನು ನೋಡುವುದು ಅವನಿಗೆ ಇಷ್ಟವಿತ್ತು.

೨೦೧೨ರ ದಸರೆಯ ಹೊತ್ತಿಗೆ ಶಾಲೆಯಲ್ಲಿ ಹದಿನೆಂಟು ಹುಡುಗರೂ ಒಬ್ಬಳು ಹುಡುಗಿಯೂ ಇದ್ದರು. ಹುಡುಗಿಯ ಹೆಸರು ಮಯೂರಿ, ವಯಸ್ಸು ಇಪ್ಪತ್ತೆರಡು. ತಾಯಿ ಮಹಾದೇವಕ್ಕ ಡೊಂಬಿವಲಿಯಲ್ಲಿ ಜೋಳದ ರೊಟ್ಟಿ ಬಡಿದು ಮನೆಮನೆಗೆ, ಖಾನಾವಳಿಗಳಿಗೆ ಕೊಟ್ಟು ಮಗಳನ್ನು ಬೆಳೆಸಿದವಳು. ಹೆಂಗಸರಿಗೆ ಹೆಂಗಸರೇ ಬಾಡಿಗಾರ್ಡ್ ಬೇಕು ಅನ್ನುವ ಕಾಲ ಬಂದಿದೆ, ಕಲಿತರೆ ಕೆಲಸ ಗ್ಯಾರಂಟಿ ಎಂದು ಯಾರೋ ಹೇಳಿದಾಗ ಅವಳು ಹೆದರಿದ್ದಳು. ಕಲಿಸುವವರು ಜಮಖಂಡಿ ಕಡೆಯವರು ಎಂದು ಗೊತ್ತಾದ ಮೇಲೆ ತಾನೇ ಮಗಳನ್ನು ಕರೆದುಕೊಂಡು ಬಂದಳು. "ನಮ್ಮ ಕಡಿಯವರು ಅದೀರಿ, ಅಣ್ಣಾರ. ನಿಮ್ಮ ಉಡ್ಯಾಗ ಹಾಕೇನಿ" ಎಂದು ರಾಯಪ್ಪನಿಗೆ ಒಪ್ಪಿಸಿ ಹೋದಳು.

ಮಯೂರಿಗೆ ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಕೊಡುತ್ತಿದ್ದುದು ಹಿಂದಿಯಲ್ಲಿ. ಕಲಿಯುವುದರಲ್ಲಿ ಮಾತ್ರ ಹದಿನೆಂಟು ಹುಡುಗರನ್ನು ಹಿಂದೆ ಹಾಕಿದ್ದಳು. ಡಮ್ಮಿಯನ್ನು ನೂರು ಸಲ ಕೈಗೆ ಕೊಟ್ಟರೆ ನೂರು ಸಲವೂ ಮೂತಿಯನ್ನು ನೆಲಕ್ಕೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಸ್ಲೈಡು ಎಳೆದು ಒಳಗೆ ನೋಡುತ್ತಿದ್ದಳು. ಬೇಸರ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಖಂಡೇ ಪೂಜೆ ಬಂತು. ಮಹಾನವಮಿಯ ದಿನ ಆಯುಧ ಪೂಜೆಗಿಟ್ಟು, ವಿಜಯದಶಮಿಯ ಬೆಳಿಗ್ಗೆ ಎತ್ತುವ ತನಕ ಅದನ್ನು ಮುಟ್ಟಬಾರದು ಎಂಬುದು ರಾಯಪ್ಪನ ಮನೆಯಲ್ಲೂ ಲೋಕನಾಥನ ಮನೆಯಲ್ಲೂ ತಲೆಮಾರಿನಿಂದ ಬಂದದ್ದು. ಕ್ಲಾಸಿನ ಹಲಗೆಯ ಕೆಳಗೆ ಮೇಜು ಹಾಕಿ ಅಂಬಾಭವಾನಿಯ ಫೋಟೊ ಇಟ್ಟರು. ಮಯೂರಿ ರಂಗೋಲಿ ಹಾಕಿ, ಚೆಂಡುಹೂ ಕಟ್ಟಿ, ಲಾಠಿ, ವಾಕಿಟಾಕಿ, ಮೆಟಲ್ ಡಿಟೆಕ್ಟರುಗಳನ್ನು ಸಾಲಾಗಿ ಜೋಡಿಸಿದಳು. ಡಮ್ಮಿಯನ್ನು ಒಂದು ಹಿತ್ತಾಳೆ ತಟ್ಟೆಯಲ್ಲಿ ಎಡಕ್ಕೆ ಇಟ್ಟಳು. ಸಂಜೆ ನಾಲ್ಕಕ್ಕೆ ಲೋಕನಾಥ ಬಿಳಿ ಪಂಚೆಯುಟ್ಟು ನೆರೂಳಿನ ಮನೆಯಿಂದ ಬಂದ. ಸೊಂಟದ ಚೀಲದಿಂದ ತನ್ನ ಪಿಸ್ತೂಲು ತೆಗೆದು, ಗುಂಡು ತುಂಬಿದ ಮ್ಯಾಗಜೀನು ಕಳಚಿ ಕಿಸೆಗೆ ಹಾಕಿಕೊಂಡು, ರಾಯಪ್ಪನ ಕೈಗೆ ಕೊಟ್ಟ.

ಮ್ಯಾಗಜೀನು ಕಳಚಿದರೂ ನಳಿಕೆಯೊಳಗೆ ಒಂದು ಗುಂಡು ಕೂತೇ ಇರಬಹುದು ಎಂಬುದು ರಾಯಪ್ಪ ಕಲಿಸುವ ಮೊದಲ ದಿನದ ಪಾಠ. ಅವನ ಕೈ ತಾನಾಗಿ ಸ್ಲೈಡಿನ ಮೇಲೆ ಹೋಯಿತು.

"ಖಾಲಿ ಉಂಟು ಮಾರಾಯ್ರೆ" ಎಂದ ಲೋಕನಾಥ. "ದೇವಿಯ ಎದುರು ಇಡುವ ಆಯುಧವನ್ನು ಹೀಗೆ ಟಕಟಕ ಬಿಚ್ಚಿ ನೋಡುವುದುಂಟಾ? ಆರತಿಯ ಹೊತ್ತಾಯ್ತು, ಇಡಿ ಇಡಿ."

ಕೊಟ್ಟವನು ಮಾಲೀಕ, ಮುಂದಿದ್ದವಳು ದೇವಿ. ರಾಯಪ್ಪ ಕೈ ತೆಗೆದ. ಮೇಜಿನ ಮೇಲೆ ತೆಂಗಿನಕಾಯಿಗೆ ಜಾಗ ಸಾಲದೆ ಇದ್ದಾಗ ಅಸಲಿ ಪಿಸ್ತೂಲನ್ನೂ ಡಮ್ಮಿಯ ತಟ್ಟೆಯಲ್ಲೇ ಅದರ ಬಲಕ್ಕೆ ಇಟ್ಟ. ಆಮೇಲೆ ತನ್ನ ಊರಿನ ಪದ್ಧತಿಯಂತೆ ಕೈತುಂಬ ಕುಂಕುಮ ಕಲಸಿ ಎರಡರ ಮೂತಿಗೂ ಮೆತ್ತಿದ. ಕೈ ಬಿಗಿಹಿಡಿದು ಬೊಟ್ಟು ಇಡುವುದು ಅವನ ಭಕ್ತಿಗೆ ಒಗ್ಗುತ್ತಿರಲಿಲ್ಲ. ಎರಡೂ ಮೂತಿ ಕೆಂಪಾದವು. ತಾನೇ ಹಚ್ಚಿದ ಗುರುತಿನ ಬಣ್ಣವನ್ನು ತಾನೇ ಮುಚ್ಚಿದ್ದು ಅವನ ತಲೆಗೆ ಹೊಳೆಯಲೇ ಇಲ್ಲ. ಕೋಣೆಗೆ ಬೀಗ ಹಾಕಿ ಕೀಲಿ ತನ್ನ ಬಳಿಯೇ ಇಟ್ಟುಕೊಂಡ.

ಮರುದಿನ ವಿಜಯದಶಮಿ. ಆಯುಧ ಎತ್ತಿದ ದಿನ ಕಾಲು ಗಂಟೆಯಾದರೂ ಪಾಠ ಆಗಬೇಕು ಎಂದು ಲೋಕನಾಥ ಎಲ್ಲರನ್ನೂ ಬರಹೇಳಿದ್ದ. ಅವನು ತನ್ನ ಆಫೀಸಿನಲ್ಲಿ ಪೇಡೆ ಹಂಚುವ ಸಿದ್ಧತೆಯಲ್ಲಿದ್ದಾಗ ರಾಯಪ್ಪ ಕ್ಲಾಸಿಗೆ ಬಂದು, ಮಂಗಳಾರತಿ ಎತ್ತಿ, ತಟ್ಟೆಯಿಂದ ಒಂದು ಪಿಸ್ತೂಲು ತೆಗೆದುಕೊಂಡ. ಎಡಗಡೆಯದು ಡಮ್ಮಿ ಎಂದು ಅವನ ಲೆಕ್ಕ. ಹಿಂದಿನ ದಿನ ಕಾಯಿ ಇಡುವಾಗ ತಟ್ಟೆಯನ್ನು ತಾನೇ ತಿರುಗಿಸಿದ್ದು ಆ ಲೆಕ್ಕದಲ್ಲಿ ಇರಲಿಲ್ಲ.

"ಇವತ್ತು ಕಡೀ ಪಾಠ" ಎಂದ. "ಮಯೂರಿ, ಮುಂದ ಬಾ."

ಅವಳು ಬಂದು ಎದುರು ನಿಂತಳು. ಕಣ್ಣು ಅವನ ಕೈಯ ಮೇಲಿತ್ತು. "ಉಸ್ತಾದ್, ಪಹಲೇ ಚೆಕ್ ಕೀಜಿಯೇ ನಾ" ಎಂದಳು.

ಹಿಂದಿನ ಸಾಲಿನಲ್ಲಿ ಶಶಿಕಾಂತ್ ಎಂಬ ಹುಡುಗ ಕಿಸಕ್ಕನೆ ನಕ್ಕ. ಆ ನಗು ರಾಯಪ್ಪನಿಗೆ ನಾಟಿತು. ಮೊದಲು ತೆರೆದು ನೋಡು ಎಂಬ ತನ್ನ ಪಾಠವನ್ನು ತನಗೇ ಒಪ್ಪಿಸುತ್ತಾಳಲ್ಲ ಈ ಹುಡುಗಿ! "ಏ, ಇದನ್ನ ಮಾಡಿಸಿದಾವ ನಾ. ಹನ್ನೊಂದ ವರ್ಷ ಹಿಡದೇನಿ. ನೀ ನನಗ ಹೇಳ್ತಿ?" ಎಂದು ಕೈ ಎತ್ತಿ ಅವಳ ಎದೆಗೆ ಗುರಿ ಹಿಡಿದ.

ಮಯೂರಿ ವಾದ ಮಾಡಲಿಲ್ಲ. ತೆರೆದು ನೋಡದ ಪಿಸ್ತೂಲಿನ ಬಾಯಿಗೆ ಎದುರಾಗಿ ನಿಲ್ಲಬೇಡ ಎಂದು ಅವನೇ ಕಲಿಸಿದ್ದ. ಅವಳು ಎಡಕ್ಕೆ ಒಂದು ಹೆಜ್ಜೆ ಸರಿದಳು. ಅವನು ಟ್ರಿಗರು ಎಳೆದ.

ಕೋಣೆಯೊಳಗೆ ಗುಂಡು ಹಾರಿದರೆ ಕಿವಿಯಲ್ಲಿ ಮಾತ್ರ ಅಲ್ಲ, ಹಲ್ಲಿನಲ್ಲೂ ಕೇಳಿಸುತ್ತದೆ. ಹಿಂದಿನ ಗೋಡೆಯ ಗಾರೆ ಸಿಡಿದು ಮಯೂರಿಯ ತಲೆ, ಹೆಗಲ ಮೇಲೆಲ್ಲ ಬಿಳಿ ಪುಡಿ ಬಿತ್ತು. ಅವಳು ಎರಡೂ ಕಿವಿ ಮುಚ್ಚಿಕೊಂಡು ಕುಕ್ಕುರುಗಾಲಿನಲ್ಲಿ ಕೂತಳು. ಗೋಡೆಯ ತೂತು, ಅವಳು ಒಂದು ಕ್ಷಣದ ಹಿಂದೆ ನಿಂತಿದ್ದ ಜಾಗಕ್ಕೆ ನೇರವಾಗಿ, ಎದೆಯ ಎತ್ತರಕ್ಕೇ ಇತ್ತು.

ಆಗ ರಾಯಪ್ಪನ ಬಾಯಿಂದ ಮೊದಲು ಬಂದ ಮಾತು ಯಾವುದು? ಪೆಟ್ಟಾಯಿತೇ ಮಗಳೇ ಎಂದಲ್ಲ. ಅಯ್ಯೋ ದೇವರೇ ಎಂದೂ ಅಲ್ಲ. "ಯಾರು ಇದನ್ನ ಇಲ್ಲಿ ಇಟ್ಟಾವ್ರು?" ಎಂದು ಅವನು ಗದರಿದ. ಹದಿನೆಂಟು ಜೊತೆ ಕಣ್ಣುಗಳು ತಟ್ಟೆ ಜೋಡಿಸಿದ್ದ ಮಯೂರಿಯ ಮೇಲೆ ತಿರುಗಿದವು. ಆ ಒಂದು ಮಾತಿಗಾಗಿ ಅವನು ಮುಂದೆ ಎಷ್ಟು ಸಲ ತನ್ನ ನಾಲಗೆ ಕಡಿದುಕೊಂಡನೋ ಲೆಕ್ಕವಿಲ್ಲ. ಆದರೆ ಆಗ, ಕಣ್ಣುಗಳು ತನ್ನ ಕಡೆಯಿಂದ ಆ ಕಡೆ ಹೋದದ್ದು ಅವನಿಗೆ ಹಾಯೆನಿಸಿತ್ತು. ನಾಚಿಕೆಗೇಡಿನ ಮಾತು, ಆದರೆ ಹಾಗೆನಿಸಿದ್ದು ಖರೆ.

ಲೋಕನಾಥ ಓಡಿ ಬಂದ. ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಪಕ್ಕದ ಗೋದಾಮಿನವರು ಕೇಳಿದ್ದಕ್ಕೆ ದಸರೆಯ ಪಟಾಕಿ ಎಂದು ಹೇಳಿ ಕಳಿಸಿ, ಹುಡುಗರ ಕೈಗೆ ಪೇಡೆ ಕೊಟ್ಟು ಮನೆಗೆ ಅಟ್ಟಿ, ರಾಯಪ್ಪನನ್ನೂ ಮಯೂರಿಯನ್ನೂ ಆಫೀಸಿಗೆ ಕರೆದ.

"ನೋಡಿ ರಾಯಪ್ಪನವ್ರೇ, ಗುಂಡು ಒಳಗಿತ್ತು ಅಂತಾದ್ರೆ ನನ್ನ ಲೈಸೆನ್ಸು ಹೋಗ್ತದೆ. ನೀವು ಹಾರಿಸಿದ್ದು ಅಂತಾದ್ರೆ ಶಾಲೆಯೇ ಹೋಗ್ತದೆ. ಇಲ್ಲಿಂದ ಕೆಲಸಕ್ಕೆ ಹೋದ ಎಂಬತ್ತು ಗಾರ್ಡುಗಳ ಅನ್ನ ಈ ಬೋರ್ಡಿನ ಕೆಳಗೆ ಉಂಟು. ಈ ಹುಡುಗಿಗೆ ಎಂತ, ಚಿಕ್ಕ ಪ್ರಾಯ, ಬೇರೆ ಕೆಲಸ ಸಿಗ್ತದೆ."

ಒಂದು ಕಾಗದ ಬರೆದಾಗಿತ್ತು. ತರಬೇತಿಗೆ ಬಂದ ಮಯೂರಿ ಅಪ್ಪಣೆಯಿಲ್ಲದೆ ಪೂಜೆಯ ಪಿಸ್ತೂಲು ಎತ್ತಿದಳು, ಅವಳ ಕೈಯಲ್ಲೇ ಗುಂಡು ಹಾರಿತು, ಅವಳು ಕ್ಷಮೆ ಕೇಳಿ ಶಾಲೆ ಬಿಡುತ್ತಿದ್ದಾಳೆ ಎಂದು ಅದರಲ್ಲಿತ್ತು. ಕೆಳಗೆ ಅವಳ ಸಹಿಗೆ ಒಂದು ಗೆರೆ, ಸಾಕ್ಷಿಯ ಸಹಿಗೆ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಪ್ಪದಿದ್ದರೆ ಪೊಲೀಸರು ಬರುತ್ತಾರೆ, ನಿನ್ನ ತಾಯಿ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ ಎಂದೂ ಲೋಕನಾಥ ಮೆತ್ತಗೆ ಹೇಳಿದ.

ಮಯೂರಿ ಕಾಗದ ಮುಟ್ಟಲಿಲ್ಲ. ತಲೆಯ ಮೇಲೆ ಗಾರೆಯ ಪುಡಿ ಹಾಗೇ ಇತ್ತು. ಅವಳು ರಾಯಪ್ಪನನ್ನು ನೋಡುತ್ತಿದ್ದಳು. ಅವನು ಬಾಯಿ ಬಿಡುತ್ತಾನೆ ಎಂದು ಅವಳಿಗೆ ನೂರಕ್ಕೆ ನೂರು ನಂಬಿಕೆ. ಆ ನಂಬಿಕೆಯ ಕಣ್ಣನ್ನು ತಪ್ಪಿಸಲು ರಾಯಪ್ಪ ಗೋಡೆಯ ಕ್ಯಾಲೆಂಡರು ನೋಡಿದ, ನೆಲ ನೋಡಿದ. ಹನ್ನೊಂದು ವರ್ಷದ ಹೆಸರು, ಚಂದ್ರಾಮನ ಕತೆ, ಉಸ್ತಾದ್ ಎಂಬ ಕರೆ, ಎಲ್ಲ ಒಟ್ಟಿಗೆ ಬಂದು ಅವನೆದುರು ನಿಂತವು. ಪೆನ್ನು ತೆಗೆದುಕೊಂಡು ಸಾಕ್ಷಿಯ ಗೆರೆಯ ಮೇಲೆ ಸಹಿ ಮಾಡಿದ. ಅದನ್ನು ನೋಡಿದ ಮೇಲೆ ಮಯೂರಿಯೂ ಸಹಿ ಮಾಡಿದಳು. ಚೀಲ ಹಾಕಿಕೊಂಡು ಹೋದಳು.

ರಾಯಪ್ಪ ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ದಿವಾಕ್ಕೆ ಬರುವಾಗ ಪ್ಲಾಟ್‌ಫಾರ್ಮಿನ ತುಂಬ ಚೆಂಡುಹೂವಿನ ರಾಶಿ, ಬನ್ನಿಯ ಬದಲಿಗೆ ಇಲ್ಲಿನವರು ಸೋನೆ, ಅಂದರೆ ಬಂಗಾರ, ಎಂದು ಹಂಚುವ ಆಪ್ಟೆ ಎಲೆಗಳ ಕಟ್ಟು. ರೈಲಿನ ಡಬ್ಬಿಯಲ್ಲಿ ಗುರುತಿಲ್ಲದವರೂ ಎಲೆ ಕೊಟ್ಟು ಕೈ ಮುಗಿಯುತ್ತಿದ್ದರು. ಅವನು ಬಾಗಿಲಿಗೆ ಮುಖ ಮಾಡಿ ನಿಂತ. ಹೆಂಡತಿ ಹಬ್ಬಕ್ಕೆ ಊರಿಗೆ ಹೋಗಿದ್ದು ಒಳ್ಳೆಯದೇ ಆಯಿತು ಎನಿಸಿತು. ಮನೆಯಲ್ಲಿ ಮುಖ ತೋರಿಸಲು ಯಾರೂ ಇರಲಿಲ್ಲ.

ಆರು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಹಾದೇವಕ್ಕ. ಹೊಸ ಇಳಕಲ್ ಸೀರೆ, ಕೈಯಲ್ಲಿ ಬನ್ನಿ ಎಲೆ. ಹಿಂದೆ ತಲೆ ತೊಳೆದುಕೊಂಡು ಬಂದ ಮಯೂರಿ.

"ಬಂಗಾರ ತಗೋರಿ ಅಣ್ಣಾರ. ನಾವು ನೀವು ಬಂಗಾರದಂಗ ಇರೂಣು" ಎನ್ನುತ್ತ ಅವಳು ಅವನ ಅಂಗೈಗೆ ಎಲೆ ಹಾಕಿದಳು. ಆಮೇಲೆ ಕಣ್ಣು ಒರೆಸಿಕೊಂಡಳು. "ನಿಮ್ಮ ಸಾಹೇಬ್ರು ಫೋನ್ ಮಾಡಿ ಎಲ್ಲಾ ಹೇಳಿದ್ರು. ಈ ಹುಚ್ಚಿ ದೇವರ ಮುಂದಿನ ಪಿಸ್ತೂಲಿಗೆ ಕೈ ಹಾಕಿದಳಂತ. ನೀವು ಕೈ ಹಿಡದು ಎಳೀಲಿಲ್ಲಂದ್ರ ಗುಂಡು ಎದ್ಯಾಗ ಹೋಗ್ತಿತ್ತಂತ. ಮಗಳ ಜೀವಾ ಉಳಿಸೀರಿ. ಆಕಿದು ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

ಹೇಳುತ್ತಲೇ ಕಾಲಿಗೆ ಬಗ್ಗಿದಳು. ರಾಯಪ್ಪ ಹಾವು ತುಳಿದವನಂತೆ ಹಿಂದಕ್ಕೆ ಹಾರಿ ಕಪಾಟಿಗೆ ಬೆನ್ನು ಬಡಿಸಿಕೊಂಡ. ಮೇಲಿದ್ದ ಸ್ಟೀಲ್ ಡಬ್ಬಿ ಉರುಳಿ ಬಿತ್ತು. ಮಯೂರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ತಾಯಿಗೆ ಏನೂ ಹೇಳಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಏಳ ಅಕ್ಕಾ, ಏಳ. ನನ್ನ ಕಾಲಿಗೆ ಬೀಳಬ್ಯಾಡ" ಎಂದ. "ಗುಂಡ ಹಾರಿಸಿದಾವ ನಾ. ಆಕಿ ಪಿಸ್ತೂಲ ಮುಟ್ಟೇ ಇಲ್ಲ. ನಾ ಆಕಿ ಎದಿಗೆ ಹಿಡದಿದ್ದೆ. ಆಮ್ಯಾಲ ಸುಳ್ಳ ಕಾಗದಕ್ಕ ಸಹಿ ಮಾಡೇನಿ."

ಮಹಾದೇವಕ್ಕ ಬಗ್ಗಿದಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ಮಗಳನ್ನು ನೋಡಿದಳು. "ಏನ ಇದು? ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನಂಬ್ತಿದ್ದಿ?" ಎಂದಳು ಮಯೂರಿ, ಅಪರೂಪಕ್ಕೆ ಕನ್ನಡದಲ್ಲಿ. "ಅಣ್ಣಾರು ಅಣ್ಣಾರು ಅಂತ ನೀನ ಕುಣೀತಿದ್ದಿ."

ಮಹಾದೇವಕ್ಕ ಎದ್ದು ನಿಂತು, ರಾಯಪ್ಪನ ಬೆರಳುಗಳನ್ನು ತಾನೇ ಬಿಡಿಸಿ, ಅಂಗೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. ಕೊಟ್ಟ ಬಂಗಾರವನ್ನು ವಾಪಸು ತೆಗೆದುಕೊಂಡವರನ್ನು ರಾಯಪ್ಪ ತನ್ನ ಐವತ್ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಅವನು ಇನ್ನೂ ಸುಲಭವಾಗಿ ತಡೆದುಕೊಳ್ಳುತ್ತಿದ್ದ.

"ಯಹಾಂ ಬೋಲ್‌ನೇ ಸೇ ಕ್ಯಾ?" ಎಂದಳು ಮಯೂರಿ ಹೊರಡುವಾಗ. "ವಹಾಂ ಬೋಲಿಯೇ. ಸಬ್ ಕೇ ಸಾಮ್ನೇ."

"ನಾಳೆ ಹತ್ತಕ್ಕ ಶಾಲಿಗೆ ಬಾ. ಅಲ್ಲೇ ಎಲ್ಲಾರ ಮುಂದ ಹೇಳ್ತೀನಿ" ಎಂದ ರಾಯಪ್ಪ.

ಬೆಳಿಗ್ಗೆ ಅವನು, ರಾತ್ರಿ ಬರೆದಿಟ್ಟ ಎರಡು ಹಾಳೆ ಹೇಳಿಕೆಯನ್ನು ಝೆರಾಕ್ಸ್ ಮಾಡಿಸಿಕೊಂಡು ಘಣಸೋಲಿಗೆ ಹೋದ. ಫೌಜಿನಲ್ಲಿ ಕಲಿತ ಹಿಂದಿ, ದಪ್ಪ ದಪ್ಪ ಅಕ್ಷರ. ಪಿಸ್ತೂಲನ್ನು ತೆರೆದು ನೋಡದೆ ಪೂಜೆಗಿಟ್ಟದ್ದು, ಡಮ್ಮಿ ಎಂದು ತಿಳಿದು ಗುರಿ ಹಿಡಿದದ್ದು, ಗುಂಡು ಹಾರಿದ್ದು, ಸುಳ್ಳು ಸಾಕ್ಷಿ ಹಾಕಿದ್ದು ಎಲ್ಲ ಅದರಲ್ಲಿತ್ತು. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ಮಯೂರಿಗೆ, ಒಂದು ಇಲ್ಲಿಗೆ ಎಂದು ಹೇಳಿ, ಕೊನೆಯದನ್ನು ಲೋಕನಾಥನ ಮೇಜಿನ ಮೇಲಿಟ್ಟ.

"ನಿಮ್ಗೆ ತಲೆ ಕೆಟ್ಟಿದೆಯಾ?" ಎಂದು ಲೋಕನಾಥ ಕುರ್ಚಿಯಿಂದ ಎದ್ದ.

"ನಿನ್ನೆ ಕೆಟ್ಟಿತ್ತ್ರೀ" ಎಂದು ರಾಯಪ್ಪ ಕ್ಲಾಸಿಗೆ ನಡೆದ.

ಹುಡುಗರು ಅಟೆನ್ಷನ್‌ನಲ್ಲಿ ನಿಂತರು. ಮಯೂರಿ ಯೂನಿಫಾರ್ಮ್ ಇಲ್ಲದೆ, ಮಾಮೂಲಿ ಚೂಡಿದಾರದಲ್ಲಿ, ಬಾಗಿಲ ಬಳಿ ಇದ್ದಳು. ಗೋಡೆಯ ತೂತಿಗೆ ಯಾರೋ ದೇವಿಯ ಫೋಟೊ ತೂಗುಹಾಕಿ ಮುಚ್ಚಿದ್ದರು. ರಾಯಪ್ಪ ಅದನ್ನು ಇಳಿಸಿ ಪಕ್ಕಕ್ಕಿಟ್ಟು, ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಓದಿ ಮುಗಿದ ಮೇಲೆ ಅವನಿಗೆ ಎದೆ ಹಗುರವಾದಂತಾಯಿತು. ಕಷ್ಟದ ಕೆಲಸ ಮಾಡಿದೆ ಎಂಬ ಒಂದು ಸಣ್ಣ ಹೆಮ್ಮೆಯೂ ಅಲ್ಲೆಲ್ಲೋ ತಲೆಯೆತ್ತಿತು. ಮನುಷ್ಯನ ಜಾತಿಯೇ ಹಾಗೆ. ಮಯೂರಿಯ ಹತ್ತಿರ ಹೋಗಿ ಅವಳ ಪ್ರತಿಯನ್ನು ಕೊಟ್ಟ.

ಅವಳು ಧನ್ಯವಾದ ಹೇಳಲಿಲ್ಲ. ಎರಡೂ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಎರಡನೆಯ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು.

"ಏಕ್ ಬಾತ್ ಛೋಡ್ ದೀ ಆಪ್ನೇ" ಎಂದಳು.

"ಯಾವ ಮಾತ ಬಿಟ್ಟೇನಿ?"

"ಮೈನೇ ಬೋಲಾ ಥಾ, ಚೆಕ್ ಕೀಜಿಯೇ. ಆಪ್ನೇ ನಹೀ ಸುನಾ. ವೋ ಕಹಾಂ ಹೈ?"

ರಾಯಪ್ಪನ ಮುಖಕ್ಕೆ ರಕ್ತ ನುಗ್ಗಿತು. ರಾತ್ರಿಯೆಲ್ಲ ಕೂತು ಬರೆದಿದ್ದ, ಮೂರು ಸಲ ತಿದ್ದಿದ್ದ. ಆ ಸಾಲು ಮೊದಲ ಸಲ ಬರೆದದ್ದು ಅವನಿಗೆ ನೆನಪಿತ್ತು. ಎರಡನೆಯ ಸಲ ಅದನ್ನು ಬಿಟ್ಟದ್ದೂ ನೆನಪಿತ್ತು. ಗುಂಡು ಹಾರಿದ್ದನ್ನು ಒಪ್ಪಿಕೊಳ್ಳಬಹುದಿತ್ತು, ಸುಳ್ಳು ಸಹಿಯನ್ನೂ ಒಪ್ಪಿಕೊಳ್ಳಬಹುದಿತ್ತು. ಇಪ್ಪತ್ತೆರಡರ ಹುಡುಗಿ ಎಚ್ಚರಿಸಿದಾಗ ಬರೀ ಜಂಬಕ್ಕೆ ಕಿವಿ ಮುಚ್ಚಿದೆ ಎಂಬುದನ್ನು ಮಾತ್ರ ಅವನ ಕೈ ಜಾಣತನದಿಂದ ಮಡಚಿ ಬಚ್ಚಿಟ್ಟಿತ್ತು.

ಅವನು ಹುಡುಗರ ಬೆಂಚಿನ ತುದಿಯಲ್ಲಿ ಕೂತ. ಶಶಿಕಾಂತ್ ಸರಿದು ಜಾಗ ಕೊಟ್ಟ. ಲೋಕನಾಥನ ಮೇಜಿನ ಮೇಲಿದ್ದುದನ್ನೂ ತರಿಸಿಕೊಂಡು, ಎಲ್ಲ ಪ್ರತಿಗಳ ಮೇಲೂ ಆ ಸಾಲನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಿ, ಅವಳ ಕೈಗೆ ಕೊಟ್ಟ.

"ಪಢಿಯೇ" ಎಂದಳು ಮಯೂರಿ, ಕಾಗದವನ್ನು ತಿರುಗಿ ಅವನ ಕೈಗೇ ಇಡುತ್ತ.

ರಾಯಪ್ಪ ಎದ್ದು ನಿಂತು ಓದತೊಡಗಿದ. ಪಿಸ್ತೂಲನ್ನು ಪರೀಕ್ಷಿಸಿ ನೋಡಿ ಎಂದು ಮಯೂರಿ ನನಗೆ ಹೇಳಿದ್ದಳು ಎಂಬಲ್ಲಿಗೆ ಓದು ನಿಂತಿತು. ಯಾರೂ ಸಹಾಯಕ್ಕೆ ಬರಲಿಲ್ಲ, ಅವಳೂ ಸಾಕು ಎನ್ನಲಿಲ್ಲ. ಅವನು ಮೂಗು ಒರೆಸಿಕೊಂಡು, ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದ.